ಹಲಸಿನ ಮರದ ಮೇಲಿನ ತಂತಿ ಯಾರದು? ಟ್ರಾಯ್ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ನವದೆಹಲಿ, ಇವರಿಗೆ

ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ವ್ಯಾಪಾರಿಗಳ ಲೆಕ್ಕ ಬರೆದು, ಜಿಎಸ್‌ಟಿ ರಿಟರ್ನ್ ತುಂಬಿ ಸಂಸಾರ ತೂಗಿಸುವ ಒಬ್ಬ ಹೆಂಗಸಿನ ನಮಸ್ಕಾರಗಳು.

ನಮ್ಮ ಕೊಟ್ಟಿಗೆಯ ಹಿಂದೆ, ತೋಟಕ್ಕೆ ಇಳಿಯುವ ದಾರಿಯಲ್ಲಿ ಒಂದು ಹಲಸಿನ ಮರ ಇದೆ. ಅದರ ಕವಲಿಗೆ ಖಾಲಿ ಎಣ್ಣೆ ಕ್ಯಾನೊಂದನ್ನು ಬೋರಲು ಕಟ್ಟಿದ್ದಾರೆ. ಕ್ಯಾನಿನ ಒಳಗೊಂದು ಕಪ್ಪು ಡಬ್ಬಿ, ಡಬ್ಬಿಯೊಳಗೆ ಕೂದಲಿನಷ್ಟು ತೆಳ್ಳಗಿನ ಎಂಟು ಎಳೆ. ಮಳೆ ನೀರು ಒಳಗೆ ಹೋಗದಿರಲಿ ಅಂತ ಕ್ಯಾನಿನ ಕೊಡೆ. ಆ ಎಂಟರಲ್ಲಿ ಒಂದು ಎಳೆ ಅಡಿಕೆ ಮರದಿಂದ ಅಡಿಕೆ ಮರಕ್ಕೆ ಹಾರಿ, ಬಚ್ಚಲಿನ ಮಾಡಿನ ಮೇಲೆ ಹಾದು ನನ್ನ ಮೇಜಿನ ಮೇಲಿನ ಬಿಳಿ ಪೆಟ್ಟಿಗೆಗೆ ಬಂದು ಸೇರುತ್ತದೆ. ಪೆಟ್ಟಿಗೆಯ ಮೇಲೆ ದೇಶವಿಡೀ ಹೆಸರು ಮಾಡಿದ ಒಂದು ಇಂಟರ್ನೆಟ್ ಕಂಪನಿಯ ಲಾಂಛನ. ಬಿಲ್ಲು ಆ ಕಂಪನಿಯದ್ದು, ಆಪ್ ಅದರದ್ದು, ಕಾಲ್ ಸೆಂಟರ್ ಅದರದ್ದು. ಕಳೆದ ಮಳೆಗಾಲದವರೆಗೆ ತಂತಿಯೂ ಅದರದ್ದೇ ಅಂತ ನಾನು ತಿಳಿದುಕೊಂಡಿದ್ದೆ. ಈ ಪತ್ರ ಬರೆಯಲು ಆ ತಪ್ಪು ತಿಳುವಳಿಕೆಯೇ ಕಾರಣ.

ಜುಲೈ 16, ಬೆಳಿಗ್ಗೆ. ಕರೆಂಟು ಇತ್ತು, ಅದೇ ಆಶ್ಚರ್ಯ. ಪೆಟ್ಟಿಗೆಯ ಮೇಲೆ ಮಾತ್ರ ಎಲ್‌ಒಎಸ್ ಅಂತ ಬರೆದ ಕಡೆ ಕೆಂಪು ದೀಪ ಮಿಣುಕುತ್ತಿತ್ತು. ನಮ್ಮ ಕಡೆಯ ಮಕ್ಕಳಿಗೂ ಗೊತ್ತು, ಕೆಂಪು ಅಂದರೆ ಬೆಳಕು ಬರುತ್ತಿಲ್ಲ, ಎಲ್ಲೋ ಎಳೆ ತುಂಡಾಗಿದೆ. ಮರ ಬಿದ್ದಿರಬೇಕು ಅಂದುಕೊಂಡೆ. ಮಳೆಗಾಲದಲ್ಲಿ ಮರ ಬೀಳುತ್ತದೆ, ಹೆಸ್ಕಾಂನವರು ಲೈನ್ ಮೇಲಿನ ಗೆಲ್ಲು ಕಡಿಯುವಾಗ ಕೇಬಲ್ಲೂ ಜೊತೆಗೆ ಬರುತ್ತದೆ, ಮಂಗ ಜೋತಾಡುತ್ತದೆ. ಅರ್ಧ ದಿನಕ್ಕೆ ಆಪರೇಟರ್ ಹುಡುಗ ಏಣಿ ಹೊತ್ತು ಬಂದು ಸರಿ ಮಾಡುತ್ತಾನೆ. ಇದಕ್ಕೆ ನಾವು ಯಾರೂ ಪತ್ರ ಬರೆಯುವವರಲ್ಲ.

ಕಾಲ್ ಸೆಂಟರಿಗೆ ಫೋನ್ ಮಾಡಿದೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ, ಬೇಣದ, ಅಂದರೆ ಹುಲ್ಲುಗುಡ್ಡದ ಮೇಲೆ ಛತ್ರಿ ಹಿಡಿದು ನಿಂತು ಮಾತಾಡಬೇಕು. 24 ಗಂಟೆಯಲ್ಲಿ ಸರಿಯಾಗುತ್ತದೆ ಎಂದರು. ಮರುದಿನ ಅದೇ ಬೇಣ, ಅದೇ ಛತ್ರಿ, ಅದೇ 24 ಗಂಟೆ. ಮೂರನೇ ದಿನ ಬೆಳಿಗ್ಗೆ ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಎಸ್‌ಎಂಎಸ್ ಬಂತು. ಕೆಂಪು ದೀಪ ಮಿಣುಕುತ್ತಲೇ ಇತ್ತು. ಅಂದು 18. ಮಾಸಿಕ ರಿಟರ್ನ್ ಕಟ್ಟಲು 20 ಕೊನೆ ದಿನ, ದಾಟಿದರೆ ದಿನಕ್ಕೆ 50 ರೂಪಾಯಿ ತಡದ ಶುಲ್ಕ, ಮೇಲೆ ಬಡ್ಡಿ. ನನ್ನ ಕೈಯಲ್ಲಿ ಹದಿನಾಲ್ಕು ಜನರ ಲೆಕ್ಕ ಇತ್ತು. ಐವತ್ತು ರೂಪಾಯಿ ದೊಡ್ಡದಲ್ಲ, ಆದರೆ ‘ಅಕ್ಕನ ಕೈಲಿ ಕೊಟ್ಟರೆ ತಪ್ಪುವುದಿಲ್ಲ’ ಎಂಬ ಮಾತಿನ ಮೇಲೆ ನಡೆಯುವ ಕೆಲಸ ನನ್ನದು. ಬಸ್ ಹಿಡಿದು ಪೇಟೆಗೆ ಹೋದೆ, ನೇರ ಕೇಬಲ್ ಆಪರೇಟರ್ ಅಂಗಡಿಗೆ.

ಅಂಗಡಿಯ ಹಿಂದೆ ಒಂದು ಸಣ್ಣ ಕೋಣೆ. ಎರಡು ಫ್ಯಾನು, ಬ್ಯಾಟರಿ ಸಾಲು, ಕಪಾಟಿನ ಹಾಗೆ ನಿಂತ ಒಂದು ರ‍್ಯಾಕ್. ರ‍್ಯಾಕಿನಲ್ಲಿ ಒಂದರ ಮೇಲೊಂದು ಎರಡು ಪೆಟ್ಟಿಗೆ. ಮೇಲಿನದು ನನ್ನ ಕಂಪನಿಯದ್ದು, ಕೆಳಗಿನದು ಹೊಸತು, ಇನ್ನೊಂದು ಕಂಪನಿಯದ್ದು. ಆಪರೇಟರ್ ಏನೂ ಮುಚ್ಚಿಡಲಿಲ್ಲ. ‘ಅಕ್ಕಾ, ಮರ ಬಿದ್ದಿಲ್ಲ. ನಾನೇ ತೆಗೆದಿದ್ದು’ ಅಂದ. ಹೇಗೆ ಅಂತ ಕೇಳಿದ್ದಕ್ಕೆ ಮಾಡಿ ತೋರಿಸಿದ. ಹಳದಿ ಬಣ್ಣದ, ಜನಿವಾರದಂಥ ಒಂದು ಎಳೆಯ ತುದಿಯನ್ನು ಮೇಲಿನ ಪೆಟ್ಟಿಗೆಯಿಂದ ಕಿತ್ತ, ಕೆಳಗಿನದಕ್ಕೆ ಚುಚ್ಚಿದ. ಟಿಕ್ ಅಂತ ಒಂದು ಸದ್ದು. ‘ಇದೊಂದರಲ್ಲಿ ಮೂವತ್ತು ಮನೆ’ ಅಂದ. ಅಂಥ ನಾಲ್ಕು ಹಳದಿ ಎಳೆಗಳನ್ನು ಅವನು 16ರ ಬೆಳಗಿನ ಜಾವ ಕಿತ್ತಿದ್ದ. ನಮ್ಮ ಸೀಮೆಯ ನೂರು ಚಿಲ್ಲರೆ ಮನೆ ಅರ್ಧ ನಿಮಿಷದೊಳಗೆ ಆ ದೊಡ್ಡ ಕಂಪನಿಯ ಕೈ ತಪ್ಪಿಹೋಗಿದ್ದವು. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತ ಯಾರಿಗೂ ಅದರ ಸದ್ದು ಕೇಳಿರಲಿಕ್ಕಿಲ್ಲ.

ಅವನನ್ನು ಬೈಯಬೇಕು ಅಂತಲೇ ಹೋಗಿದ್ದೆ. ಆದರೆ ನನ್ನ ಕಸುಬು ಲೆಕ್ಕದ್ದು, ಪುಸ್ತಕ ತೋರಿಸು ಅಂದೆ. ತೋರಿಸಿದ. ಗ್ರಾಹಕರು ಕಟ್ಟುವ ದುಡ್ಡು ಆಪ್ ಮೂಲಕ ಸೀದಾ ಕಂಪನಿಗೆ ಹೋಗುತ್ತದೆ, ಅವನ ಪಾಲು ಆಮೇಲೆ ಅವನ ಖಾತೆಗೆ ಬರಬೇಕು. ಐದು ತಿಂಗಳ ಪಾಲು ಬಂದಿರಲಿಲ್ಲ. ಬಂದ ತಿಂಗಳುಗಳಲ್ಲೂ ‘ಹೊಂದಾಣಿಕೆ’ ಅನ್ನುವ ತಲೆಬರಹದ ಕೆಳಗೆ ಒಂದಷ್ಟು ಕಡಿತ, ಯಾತರ ಹೊಂದಾಣಿಕೆ ಅಂತ ವಿವರ ಇಲ್ಲ. ಎಳೆ ಬೆಸೆಯುವ ಯಂತ್ರ ಅವನದ್ದು, ಅದರ ಸಾಲದ ಕಂತು ಅವನದ್ದು, ಏಣಿ ಹೊರುವ ಇಬ್ಬರು ಹುಡುಗರ ಸಂಬಳ ಅವನದ್ದು. ಕಾಲ್ ಸೆಂಟರಿನವರು ನನ್ನಂಥವರಿಗೆ 24 ಗಂಟೆ ಅಂತ ಮಾತು ಕೊಟ್ಟಾಗ ಜಿಗಣೆ ಕಚ್ಚಿಸಿಕೊಂಡು ಕಾಡಿನೊಳಗೆ ನಡೆಯುವ ಕಾಲೂ ಅವನದ್ದೇ. ಇನ್ನೊಂದು ಕಂಪನಿ ಬಂದು, ಪಾಲು ಮೊದಲೇ ಮುರಿದುಕೋ, ಉಳಿದದ್ದು ನಮಗೆ ಕಳಿಸು ಅಂದಿತು. ಅವನ ಜಾಗದಲ್ಲಿ ನಾನಿದ್ದರೂ ಹಳದಿ ಎಳೆ ಕೀಳುತ್ತಿದ್ದೆನೇನೋ. ಒಂದು ಮಾತು ಮುಂಚೆ ಹೇಳಿ ಕೀಳುತ್ತಿದ್ದೆ, ಅಷ್ಟೇ ವ್ಯತ್ಯಾಸ. ಅದನ್ನು ಅವನ ಮುಖಕ್ಕೇ ಹೇಳಿದ್ದೇನೆ.

‘ನಿಮಗೆ ಹೊಸ ಕಂಪನಿಯ ಬಾಕ್ಸ್ ಇವತ್ತೇ ಹಾಕ್ತೆ, ತಂತಿ ಅದೇ’ ಅಂದ. ಹಾಕಿದ. ಸಂಜೆಗೆ ಹಸಿರು ದೀಪ ಹತ್ತಿತು, 20ರೊಳಗೆ ಹದಿನಾಲ್ಕೂ ರಿಟರ್ನ್ ಹೋದವು. ಹಳೆ ಕಂಪನಿಗೆ ನಾನು ಒಂದು ವರ್ಷದ ದುಡ್ಡನ್ನು ಮುಂಗಡ ಕಟ್ಟಿದ್ದೆ. ಅದರಲ್ಲಿ ಇನ್ನೂ ಏಳು ತಿಂಗಳು ಬಾಕಿ ಇತ್ತು.

ಅಧ್ಯಕ್ಷರೇ, ನನ್ನ ಏಳು ತಿಂಗಳ ದುಡ್ಡಿನ ದೂರನ್ನು ನಿಮ್ಮ ತಲೆಗೆ ಕಟ್ಟಲು ಇದನ್ನು ಬರೆಯುತ್ತಿಲ್ಲ. ಅದಕ್ಕೆ ಗ್ರಾಹಕರ ವೇದಿಕೆ ಇದೆ, ಅಲ್ಲಿಗೆ ಹೋಗುತ್ತೇನೆ. ನನ್ನನ್ನು ಕಾಡುತ್ತಿರುವುದು ಆ ಟಿಕ್ ಅನ್ನುವ ಸದ್ದು. ಸಾವಿರಾರು ಕೋಟಿಯ ವ್ಯವಹಾರ ಅಂತ ಹೇಳಿಕೊಳ್ಳುವ ಒಂದು ಉದ್ಯಮ, ಒಪ್ಪಂದದ ಕಾಗದ ಹೇಗಿದೆಯೋ ಎಲ್ಲಿದೆಯೋ ಗ್ರಾಹಕರಿಗೆ ಗೊತ್ತಿಲ್ಲದ, ಯಾವ ದಿನ ಬೇಕಾದರೂ ಮುನಿಸಿಕೊಳ್ಳಬಹುದಾದ ಪಾಲುದಾರನ ತಂತಿಯ ಮೇಲೆ ನಿಂತಿದೆ. ನಮ್ಮ ಕಡೆ ಇದಕ್ಕೆ ಗೇಣಿ ತೋಟದಲ್ಲಿ ಉಪ್ಪರಿಗೆ ಮನೆ ಕಟ್ಟುವುದು ಅನ್ನುತ್ತಾರೆ.

ಈ ಕತೆಯನ್ನು ದೊಡ್ಡಪ್ಪನ ಮಗನಿಗೆ ಫೋನಿನಲ್ಲಿ ಹೇಳಿದೆ. ಅವನು ಇಪ್ಪತ್ತೈದು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವನು, ಈಗ ವಾಪಸು ಬಂದು ಜೇನು ಸಾಕುತ್ತಾನೆ. ಕೇಳಿ ಜೋರಾಗಿ ನಕ್ಕ. ‘ಇದು ಎಟ್‌ಹೋಮ್ ಕತೆ ಕಣೇ, ನಿನ್ನ ಹಲಸಿನ ಮರದ ಮೇಲೆ ಮತ್ತೆ ಹುಟ್ಟಿದೆ’ ಅಂದ. ನನಗೆ ಆ ಹೆಸರೇ ಗೊತ್ತಿರಲಿಲ್ಲ. ಆಮೇಲೆ ಕೂತು ಓದಿಕೊಂಡೆ. ನಿಮ್ಮ ಕಚೇರಿಯ ಹಳಬರಿಗೆ ಖಂಡಿತ ನೆನಪಿರುತ್ತದೆ, ಆದರೂ ಲೆಕ್ಕದವಳ ಕಣ್ಣಿಗೆ ಅದು ಹೇಗೆ ಕಂಡಿತು ಅನ್ನುವುದನ್ನು ಹೇಳಬೇಕು.

1995ರಲ್ಲಿ ಅಮೆರಿಕದಲ್ಲಿ ಎಟ್‌ಹೋಮ್ ಎಂಬ ಕಂಪನಿ ಹುಟ್ಟಿತು. ಆಗ ಮನೆಮನೆಯಲ್ಲಿ ಇಂಟರ್ನೆಟ್ ಅಂದರೆ ಟೆಲಿಫೋನ್ ತಂತಿ, ಕಿರುಗುಟ್ಟುವ ಮೋಡೆಮ್. ಟಿವಿ ಬರುವ ಕೇಬಲ್ಲಿನಲ್ಲೇ ಇಂಟರ್ನೆಟ್ ಕೊಟ್ಟರೆ ಹತ್ತಾರು ಪಟ್ಟು ವೇಗ ಸಿಗುತ್ತದೆ ಅನ್ನುವುದು ಎಟ್‌ಹೋಮ್‌ನ ಆಲೋಚನೆ. ಟಿಸಿಐ ಎಂಬ ದೊಡ್ಡ ಕೇಬಲ್ ಕಂಪನಿ ಮತ್ತು ಕ್ಲೈನರ್ ಪರ್ಕಿನ್ಸ್ ಎಂಬ ಬಂಡವಾಳ ಸಂಸ್ಥೆ ಸೇರಿ ಹುಟ್ಟುಹಾಕಿದವು, ಮರುವರ್ಷ ಕಾಮ್‌ಕಾಸ್ಟ್, ಕಾಕ್ಸ್ ಎಂಬ ಇನ್ನೆರಡು ಕೇಬಲ್ ಕಂಪನಿಗಳೂ ಪಾಲುದಾರರಾದವು. ನಾಸಾದಲ್ಲಿ ಜಾಲ ಕಟ್ಟಿ ಪಳಗಿದ್ದ ಮೈಲೋ ಮೆಡಿನ್ ಎಂಬ ಎಂಜಿನಿಯರ್ ದೇಶದುದ್ದಕ್ಕೂ ಒಂದು ಜಾಲ ಹೆಣೆದರು. ಒಳ್ಳೆಯ ಜಾಲ, ಅದರಲ್ಲಿ ಯಾರೂ ಕೊರತೆ ಹೇಳಲಿಲ್ಲ.

ಹಂಚಿಕೆ ಹೇಗಿತ್ತು ನೋಡಿ. ಗ್ರಾಹಕ ತಿಂಗಳಿಗೆ ಸುಮಾರು 40 ಡಾಲರ್ ಕಟ್ಟುತ್ತಿದ್ದ. ಅದರಲ್ಲಿ ನೂರಕ್ಕೆ 65 ಪಾಲು ಕೇಬಲ್ ಕಂಪನಿಗೆ, 35 ಪಾಲು ಎಟ್‌ಹೋಮ್‌ಗೆ. ಗ್ರಾಹಕನ ಮನೆಗೆ ಹೋಗುವ ತಂತಿ ಕೇಬಲ್ ಕಂಪನಿಯದ್ದು, ಗ್ರಾಹಕನಿಂದ ದುಡ್ಡು ಎತ್ತುವುದೂ ಅದೇ. ಎಟ್‌ಹೋಮ್‌ಗೆ ಉಳಿದದ್ದು ಮಧ್ಯದ ಜಾಲ ಮತ್ತು ಹೆಸರು. ಅದರ ಮೇಲೆ ಅದೇ ಕೇಬಲ್ ಕಂಪನಿಗಳು ಎಟ್‌ಹೋಮ್‌ನ ಷೇರುದಾರರು, ಆಡಳಿತ ಮಂಡಳಿಯಲ್ಲೂ ಅವರೇ. ಮನೆಯ ಮಾಲಕ, ಅಂಗಡಿಯ ಗಿರಾಕಿ, ವ್ಯಾಪಾರದ ಪಾಲುದಾರ ಮೂವರೂ ಒಬ್ಬನೇ ಆದರೆ ಲೆಕ್ಕ ಬರೆಯುವವಳಿಗೆ ಕೈ ನಡುಗುತ್ತದೆ. ಬೇರೆ ಯಾರ ಇಂಟರ್ನೆಟ್ಟನ್ನೂ ತಮ್ಮ ಕೇಬಲ್ಲಿನಲ್ಲಿ ಮಾರುವುದಿಲ್ಲ ಎಂದು ಪಾಲುದಾರರು ಮಾತು ಕೊಟ್ಟಿದ್ದರು, ನಿಜ. ಆದರೆ ಆ ಮಾತಿಗೊಂದು ಅವಧಿ ಇತ್ತು, 2002. ಷೇರು ಕೊಂಡವರು ಕೊನೆಯೇ ಇಲ್ಲದ್ದು ಎಂಬ ಹಾಗೆ ಕೊಂಡರು.

1999ರಲ್ಲಿ ಎಟ್‌ಹೋಮ್ ಎಕ್ಸೈಟ್ ಎಂಬ ಹುಡುಕುತಾಣವನ್ನು ಸುಮಾರು 670 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕೊಂಡುಕೊಂಡಿತು. ಅಂದು ಇನ್ನೂ ಎಳಸಾಗಿದ್ದ ಗೂಗಲ್ ಹತ್ತು ಲಕ್ಷ ಡಾಲರಿನ ಆಸುಪಾಸಿಗೆ ಎಕ್ಸೈಟ್‌ನ ಬಾಗಿಲಿಗೆ ಬಂದು ಬೇಡವಾಗಿ ವಾಪಸು ಹೋಗಿತ್ತು ಅನ್ನುವುದು ಇನ್ನೊಂದು ಕತೆ. ನನಗೆ ಮುಖ್ಯ ಅನಿಸುವುದು ಬೇರೆ. ಅಷ್ಟು ದುಡ್ಡಿನಲ್ಲಿ ಒಂದೇ ಒಂದು ಮನೆಗೆ ಹೋಗುವ ಸ್ವಂತ ತಂತಿ ಬರಲಿಲ್ಲ. ಅದೇ ವರ್ಷ ಎಟಿ ಅಂಡ್ ಟಿ ಎಂಬ ದೊಡ್ಡ ಟೆಲಿಫೋನ್ ಕಂಪನಿ ಟಿಸಿಐಯನ್ನೇ ಕೊಂಡಿತು. ಅದರ ಬುದ್ಧಿ ನೋಡಿ, ಅದು ತಂತಿಗೆ ದುಡ್ಡು ಹಾಕಿತು. ತಂತಿಯ ಜೊತೆ ಎಟ್‌ಹೋಮ್‌ನ ಜುಟ್ಟೂ ಕೈಗೆ ಬಂತು.

2001ರ ಸೆಪ್ಟೆಂಬರ್ 28ರಂದು ಎಟ್‌ಹೋಮ್ ದಿವಾಳಿ ಅರ್ಜಿ ಹಾಕಿತು. 40 ಲಕ್ಷಕ್ಕೂ ಹೆಚ್ಚು ಗ್ರಾಹಕರಿದ್ದ, ಇಡೀ ಉತ್ತರ ಅಮೆರಿಕದಲ್ಲೇ ಈ ಬಗೆಯ ಇಂಟರ್ನೆಟ್ಟಿಗೆ ಹೆಸರಾದ ಕಂಪನಿ. ಗ್ರಾಹಕರು ಕಡಿಮೆಯಾಗಿ ಮುಳುಗಿದ್ದಲ್ಲ ಅದು. ಎಟಿ ಅಂಡ್ ಟಿ ಅದರ ಜಾಲವನ್ನು 30.7 ಕೋಟಿ ಡಾಲರಿಗೆ ಕೊಡು ಅಂತ ಕೇಳಿತು. ಸಾಲ ಕೊಟ್ಟವರು ಅಷ್ಟಕ್ಕೆ ಒಪ್ಪಲಿಲ್ಲ. ನವೆಂಬರ್ 30ರಂದು ನ್ಯಾಯಾಧೀಶರು, ಕೇಬಲ್ ಕಂಪನಿಗಳ ಜೊತೆಗಿನ ಒಪ್ಪಂದ ಮುರಿಯಲು ಎಟ್‌ಹೋಮ್‌ಗೆ ಅನುಮತಿ ಕೊಟ್ಟರು. ಆ ರಾತ್ರಿ ಕಳೆಯುತ್ತಿದ್ದಂತೆ ಎಟಿ ಅಂಡ್ ಟಿಯ ಸುಮಾರು ಎಂಟೂವರೆ ಲಕ್ಷ ಗ್ರಾಹಕರ ಇಂಟರ್ನೆಟ್ ನಿಂತುಹೋಯಿತು.

ಇನ್ನು ಆಮೇಲೆ ಆದದ್ದು. ಎಟಿ ಅಂಡ್ ಟಿ ತಾನೇ ಕಟ್ಟಿಕೊಳ್ಳುತ್ತಿದ್ದ ಜಾಲಕ್ಕೆ ಆ ಎಂಟೂವರೆ ಲಕ್ಷ ಮನೆಗಳನ್ನು ಹೆಚ್ಚುಕಡಿಮೆ ಒಂದು ವಾರದಲ್ಲಿ ಸಾಗಿಸಿತು, ಕೊಳ್ಳುವ ಮಾತನ್ನು ವಾಪಸು ತೆಗೆದುಕೊಂಡಿತು. ಉಳಿದ ಕೇಬಲ್ ಕಂಪನಿಗಳು ಮೂರು ತಿಂಗಳ ಮಟ್ಟಿಗೆ ದುಡ್ಡು ಕೊಟ್ಟು, ಅಷ್ಟರಲ್ಲಿ ತಮ್ಮ ತಮ್ಮ ಜಾಲ ಎಬ್ಬಿಸಿಕೊಂಡವು. 2002ರ ಫೆಬ್ರವರಿ 28ಕ್ಕೆ ಎಟ್‌ಹೋಮ್ ದೀಪ ಆರಿತು. ತಂತಿ ಇದ್ದವರು ಕೆಲವೇ ವಾರಗಳಲ್ಲಿ ಹೊಸ ಜಾಲ ಹುಟ್ಟಿಸಿಕೊಂಡರು. ಜಾಲ ಇದ್ದವರಿಗೆ ಆರು ವರ್ಷದಲ್ಲಿ ಒಂದು ಮಾರು ತಂತಿ ಹುಟ್ಟಲಿಲ್ಲ. ಪ್ಲಗ್ ಕಿತ್ತದ್ದು ಅಲ್ಲಿ ಇಂಟರ್ನೆಟ್ ಕಂಪನಿಯ ಕೈ, ನಮ್ಮಲ್ಲಿ ಕೇಬಲ್ಲಿನವನ ಕೈ, ಅಷ್ಟೊಂದು ಅದಲುಬದಲು. ಕತ್ತಲಲ್ಲಿ ಕೂತವರು ಮಾತ್ರ ಎರಡೂ ಕಡೆ ದುಡ್ಡು ಕೊಟ್ಟವರೇ.

ಆ ಹುಡುಗ ಆಪರೇಟರಿಗೂ ಎಟಿ ಅಂಡ್ ಟಿಗೂ ಎಲ್ಲಿಯ ಹೋಲಿಕೆ ಅಂತ ನೀವು ಕೇಳಬಹುದು. ಗಾತ್ರದಲ್ಲಿ ಇಲ್ಲ. ನಿಂತ ಜಾಗದಲ್ಲಿ ಇದೆ. ನಮ್ಮ ದೇಶದಲ್ಲಿ ಕೇಬಲ್ ಹುಟ್ಟಿದ್ದೇ ಇಂಥವರಿಂದ. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಪಟ್ಟಣಗಳಲ್ಲಿ ಡಿಷ್ ಎದ್ದವು. 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ ಕನ್ನಡದ ಮನೆಗಳಿಗೂ ಕೇಬಲ್ ಬೇಕಾಯಿತು. ಕಾಯ್ದೆ ಬಂದದ್ದು 1995ರಲ್ಲಿ, ತಂತಿ ಎಳೆದಾದ ಮೇಲೆ. ಆಗೆಲ್ಲ ಆಪರೇಟರ್ ಆಗಬೇಕಾದರೆ ಮುಖ್ಯ ಅಂಚೆ ಕಚೇರಿಗೆ ಹೋಗಿ ನೋಂದಣಿ ಮಾಡಿಸಿದರೆ ಮುಗಿಯುತ್ತಿತ್ತು. ನಮ್ಮ ಆಪರೇಟರಿನ ಅಪ್ಪ ಹಾಗೆ ಬಂದವನು, ಎತ್ತಿನ ಗಾಡಿಯ ಮೇಲೆ ಕೇಬಲ್ ಸುರುಳಿ ಹೇರಿಕೊಂಡು. ಆಮೇಲೆ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು, ಹಳ್ಳಿಗಳಿಗೆ ಆ ಗಡುವು ಮುಗಿದದ್ದು 2017ರ ಮಾರ್ಚಿನಲ್ಲಿ. ಅರ್ಧ ಊರು ಮಾಡಿನ ಮೇಲೆ ಡಿಷ್ ಇಟ್ಟುಕೊಂಡಿತು, ಉಳಿದರ್ಧ ಮೊಬೈಲಿನಲ್ಲಿ ನೋಡತೊಡಗಿತು. ಟಿವಿ ಕೇಬಲ್ ಸಾಯುತ್ತಿದೆ ಅನ್ನುವಾಗ ಫೈಬರ್ ಬಂತು, ಕೊರೋನಾ ಬಂತು, ಬೆಂಗಳೂರಿನ ಮಕ್ಕಳೆಲ್ಲ ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಊರಿಗೆ ಬಂದರು. ಹಳೇ ಕೇಬಲ್ಲಿನ ದಾರಿಯಲ್ಲೇ, ಅದೇ ಮರಗಳ ಮೇಲೆ, ಮಗ ಫೈಬರ್ ಎಳೆದ. ದೊಡ್ಡ ಕಂಪನಿಗಳಿಗೆ ಅವನು ಬೇಕಾದದ್ದು ಆಗ.

ತಂತಿಯ ಬೆಲೆ ದೊಡ್ಡವರಿಗೆ ಗೊತ್ತಿಲ್ಲ ಅನ್ನುವ ಹಾಗಿಲ್ಲ. 2018ರ ಅಕ್ಟೋಬರಿನಲ್ಲಿ ರಿಲಯನ್ಸ್ ಡೆನ್ ಎಂಬ ಕೇಬಲ್ ಕಂಪನಿಯ ಶೇ. 66 ಪಾಲಿಗೆ 2,290 ಕೋಟಿ, ಹಾಥ್‌ವೇ ಎಂಬ ಇನ್ನೊಂದು ಕೇಬಲ್ ಕಂಪನಿಯ ಶೇ. 51.3 ಪಾಲಿಗೆ 2,940 ಕೋಟಿ ರೂಪಾಯಿ ಹಾಕುವುದಾಗಿ ಹೇಳಿತು. ಆ ದಿನದ ಹೇಳಿಕೆಯಲ್ಲೇ ಅವರ ಜೊತೆಗಿರುವ 27,000 ಸ್ಥಳೀಯ ಆಪರೇಟರ್‌ಗಳ ಮಾತಿತ್ತು. ಫೈಬರ್ ಸೇವೆಯನ್ನು ಊರೂರಿಗೆ ತಲುಪಿಸಲು ಹೊರಟವರು ಮೊದಲು ಲೆಕ್ಕ ಹಾಕಿದ್ದು ಈ ಏಣಿ ಹೊರುವವರನ್ನು. ಬಿಎಸ್‌ಎನ್‌ಎಲ್ ಕೂಡ ತನ್ನ ಫೈಬರನ್ನು ಆದಾಯ ಹಂಚಿಕೆಯ ಮೇಲೆ ಸ್ಥಳೀಯ ಪಾಲುದಾರರ ಕೈಯಿಂದಲೇ ಮನೆ ಮುಟ್ಟಿಸುತ್ತದೆ. ಇದನ್ನು ತಪ್ಪು ಅನ್ನುವಷ್ಟು ದಡ್ಡಿ ನಾನಲ್ಲ. ನಾಲ್ಕು ಮೈಲಿ ಕಾಡಿನಾಚೆಯ ಹನ್ನೆರಡು ಮನೆಗೆ ಯಾವ ಕಂಪನಿ ಸ್ವಂತ ತಂತಿ ಎಳೆದೀತು? ಆಪರೇಟರ್ ಇಲ್ಲದಿದ್ದರೆ ನಾನು ಇವತ್ತೂ ಬೇಣದ ಮೇಲೆಯೇ ಇರುತ್ತಿದ್ದೆ.

ಆದರೆ ಒಂದು ವಿಚಿತ್ರ ನನ್ನ ಗಮನಕ್ಕೆ ಬಂತು. ಅದೇ ಆಪರೇಟರ್, ಅದೇ ಅಂಗಡಿ, ಅದೇ ಮರ. ಅವನು ಟಿವಿ ಕೊಡುವಾಗ ನಿಮ್ಮ ನಿಯಮ ಅವನ ಬೆನ್ನಿಗಿದೆ. 2017ರ ಇಂಟರ್‌ಕನೆಕ್ಷನ್ ನಿಯಮಾವಳಿಯ ಪ್ರಕಾರ ಎಂಎಸ್‌ಒ, ಅಂದರೆ ಮೇಲಿನಿಂದ ಟಿವಿ ಸಿಗ್ನಲ್ ಒದಗಿಸುವ ದೊಡ್ಡ ಕೇಬಲ್ ಕಂಪನಿ, ಆಪರೇಟರಿಗೆ ಕೊಡುವ ಸಿಗ್ನಲ್ ನಿಲ್ಲಿಸುವುದಾದರೆ ಕನಿಷ್ಠ ಮೂರು ವಾರದ ನೋಟಿಸ್ ಕೊಡಬೇಕು, ಕಾರಣ ಹೇಳಬೇಕು. ಇಬ್ಬರ ನಡುವೆ ಲಿಖಿತ ಒಪ್ಪಂದ ಇರಬೇಕು, ಅದಕ್ಕೆ ಮಾದರಿಯನ್ನೂ ನೀವೇ ಬರೆದುಕೊಟ್ಟಿದ್ದೀರಿ. ಪಾಲು ಹಂಚಿಕೆಯಲ್ಲಿ ಹೊಂದಿಕೆಯಾಗದಿದ್ದರೆ ನೆಟ್‌ವರ್ಕ್ ಶುಲ್ಕವನ್ನು 55ಕ್ಕೆ 45ರಂತೆ ಹಂಚಿಕೊಳ್ಳಿ ಎಂಬ ದಾರಿಯೂ ಇದೆ. ಅಂದರೆ ನಮ್ಮ ಅತ್ತೆಯವರ ಧಾರಾವಾಹಿ ನಿಲ್ಲಬೇಕಾದರೆ ಮೂರು ವಾರ ಮುಂಚೆ ಒಂದು ಕಾಗದ ಓಡಾಡಬೇಕು. ನನ್ನ ಹದಿನಾಲ್ಕು ರಿಟರ್ನ್ ನಿಲ್ಲಲು, ಪಕ್ಕದ ಮನೆಯ ಹುಡುಗಿಯ ಆಫೀಸ್ ಮೀಟಿಂಗ್ ನಿಲ್ಲಲು, ಹೈಸ್ಕೂಲಿನ ಮಾಸ್ತರರ ಆನ್‌ಲೈನ್ ತರಬೇತಿ ನಿಲ್ಲಲು ಒಂದು ಟಿಕ್ ಸಾಕು.

ಇಂಟರ್ನೆಟ್ ಕಂಪನಿಗೆ ಲೈಸೆನ್ಸ್ ಇದೆ, ಅದರಲ್ಲಿ ಷರತ್ತುಗಳೂ ಇವೆ ಅಂತ ನೀವು ಹೇಳುತ್ತೀರಿ. ಇವೆ, ನೋಡಿದೆ. ಕಂಪನಿಯೇ ಲೈಸೆನ್ಸ್ ಒಪ್ಪಿಸಿ ಎದ್ದು ಹೋಗುವುದಾದರೆ ಗ್ರಾಹಕರಿಗೆ 30 ದಿನ ಮುಂಚೆ ತಿಳಿಸಬೇಕು. ಇಲ್ಲಿ ಕಂಪನಿ ಎದ್ದು ಹೋಗಲಿಲ್ಲ. ಅದು ಕೂತಲ್ಲೇ ಕೂತಿತ್ತು, ಅದರ ಕಾಲ ಕೆಳಗಿನ ಚಾಪೆ ಹೋಯಿತು. ಗುಣಮಟ್ಟದ ನಿಯಮದ ಮಾತು ಹೇಳಿದರೆ, ಕೆಟ್ಟ ಲೈನು ಮೂರು ದಿನ ದಾಟಿದರೆ ಬಾಡಿಗೆಯಲ್ಲಿ ಮಾಫಿ ಅನ್ನುವುದು 2006ರ ನಿಮ್ಮ ಬ್ರಾಡ್‌ಬ್ಯಾಂಡ್ ನಿಯಮಾವಳಿಯಿಂದಲೇ ಬಂದ ಮಾತು. 2024ರ ಅಕ್ಟೋಬರ್ 1ರಿಂದ ಹೊಸ ನಿಯಮಾವಳಿ ಬಂದಿದೆ. ಇವೆಲ್ಲ ಲೈನು ಕೆಟ್ಟಾಗಿನ ಮಾತು. ನನ್ನ ಲೈನು ಕೆಟ್ಟಿರಲಿಲ್ಲ, ಚೆನ್ನಾಗಿಯೇ ಇತ್ತು. ಬೇರೆಯವರ ಪಾಲಾಗಿತ್ತು, ಅಷ್ಟೇ. ಆ ಕಾಲಂ ಯಾವ ದೂರಿನ ಫಾರ್ಮಿನಲ್ಲೂ ನನಗೆ ಸಿಗಲಿಲ್ಲ. ಕಾಲ್ ಸೆಂಟರಿನ ಹುಡುಗಿ ಪಾಪ ಯಾವುದನ್ನು ಒತ್ತಿದಳೋ, ‘ಗ್ರಾಹಕರ ಆವರಣದ ಸಮಸ್ಯೆ’ ಅಂತ ದಾಖಲಾಗಿದೆ.

ಹಾಗಾಗಿ ಕೇಳುತ್ತಿದ್ದೇನೆ. ಟಿವಿಗೆ ನೀವು ಬರೆದ ಮೂರು ವಾರದ ನೋಟಿಸನ್ನು ಬ್ರಾಡ್‌ಬ್ಯಾಂಡ್ ಕಂಪನಿ ಮತ್ತು ಅದರ ಲಾಸ್ಟ್ ಮೈಲ್, ಅಂದರೆ ಮನೆ ಮುಟ್ಟುವ ಕೊನೆಯ ತಂತಿಯ ಪಾಲುದಾರನ ನಡುವೆಯೂ ತನ್ನಿ, ಎರಡೂ ಕಡೆಗೆ ಅನ್ವಯಿಸುವ ಹಾಗೆ. ಕಂಪನಿ ಪಾಲುದಾರನನ್ನು ಬಿಡುವಾಗಲೂ, ಪಾಲುದಾರ ಕಂಪನಿಯನ್ನು ಬಿಡುವಾಗಲೂ. ಆ ನೋಟಿಸಿನ ಒಂದು ಪ್ರತಿ ಎಸ್‌ಎಂಎಸ್ ಆಗಿ ನನಗೂ ಬರಲಿ, ಕನ್ನಡದಲ್ಲಿ. ರೀಚಾರ್ಜ್ ಮಾಡಿ ಅಂತ ದಿನಕ್ಕೆರಡು ಬಾರಿ ಕನ್ನಡದಲ್ಲಿ ಬರೆಯಲು ಗೊತ್ತಿರುವವರಿಗೆ ಇದು ಕಷ್ಟವಾಗಲಿಕ್ಕಿಲ್ಲ.

ಬಿಲ್ಲಿನಲ್ಲಿ ತಂತಿಯ ಒಡೆಯನ ಹೆಸರು ಬರಲಿ. ಅಕ್ಕಿ ಚೀಲದ ಮೇಲೆ ಮಿಲ್ಲಿನ ವಿಳಾಸ ಇರುತ್ತದೆ, ಔಷಧದ ಬಾಟಲಿಯ ಮೇಲೆ ತಯಾರಿಸಿದವರು ಯಾರು, ಮಾರುವವರು ಯಾರು ಅಂತ ಬೇರೆ ಬೇರೆ ಇರುತ್ತದೆ. ನನ್ನ ಇಂಟರ್ನೆಟ್ ಬಿಲ್ಲಿನಲ್ಲಿ ಕಂಪನಿಯ ಹೆಸರು, ಜಿಎಸ್‌ಟಿ ನಂಬರು, ಹಬ್ಬದ ಆಫರು ಎಲ್ಲ ಇದೆ. ಹಲಸಿನ ಮರ ಹತ್ತಿದವನ ಹೆಸರಿಲ್ಲ. ಒಂದು ವರ್ಷದ ದುಡ್ಡು ಮುಂಗಡ ಕಟ್ಟಿಸಿಕೊಳ್ಳುವಾಗ, ಪಾಲುದಾರನ ಜೊತೆಗಿನ ಒಪ್ಪಂದ ಎಷ್ಟು ದಿನ ಉಳಿದಿದೆ ಅಂತ ಹೇಳಿದ್ದರೆ ನಾನು ತಿಂಗಳು ತಿಂಗಳು ಕಟ್ಟುತ್ತಿದ್ದೆ. ಒಪ್ಪಂದ ಮುರಿದರೆ ಉಳಿದ ದುಡ್ಡು ಗ್ರಾಹಕ ಕೇಳದೆಯೇ ವಾಪಸು ಬರಬೇಕು, ಅದಕ್ಕೆ ದಿನ ಗೊತ್ತು ಮಾಡಿ.

ಕೊನೆಯದಕ್ಕೆ ಕಂಪನಿಗಳು ಸಿಟ್ಟಾಗುತ್ತವೆ, ಆದರೂ ಹೇಳುತ್ತೇನೆ. ಪಾಲುದಾರನ ಪಾಲನ್ನು ಇಷ್ಟು ದಿನದೊಳಗೆ ಕೊಡಬೇಕು, ಕಡಿತ ಮಾಡಿದರೆ ವಿವರ ಕೊಡಬೇಕು ಅನ್ನುವುದನ್ನು ನಿಯಮದಲ್ಲಿ ಬರೆಯಿರಿ. ಇದು ಇಬ್ಬರು ವ್ಯಾಪಾರಿಗಳ ಖಾಸಗಿ ವ್ಯವಹಾರ, ಪ್ರಾಧಿಕಾರ ಯಾಕೆ ಮಧ್ಯೆ ಬರಬೇಕು ಅಂತ ವಾದ ಬರುತ್ತದೆ. ಟಿವಿಯಲ್ಲಿ ನೀವು ಮಧ್ಯೆ ಬಂದಿರಿ, ಯಾರೂ ಸಾಯಲಿಲ್ಲ. ನನ್ನ ಅನುಭವದಲ್ಲಿ ಹಳದಿ ಎಳೆ ಕಿತ್ತುಬಂದದ್ದು ದುರಾಸೆಯಿಂದಲ್ಲ, ಐದು ತಿಂಗಳ ಬಾಕಿಯಿಂದ. ಬಾಕಿ ಸರಿಯಾಗಿ ಸಂದಾಯವಾಗುವ ಕಡೆ ಆಪರೇಟರ್ ಇನ್ನೊಂದು ಕಂಪನಿಯ ಪೆಟ್ಟಿಗೆ ತಂದು ರ‍್ಯಾಕಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಆ ಪೆಟ್ಟಿಗೆಗೂ ದುಡ್ಡು ಬೇಕಲ್ಲ.

ಕಂಪನಿಗಳಿಗೂ ಒಂದು ಮಾತು, ಅವರೂ ಇದನ್ನು ಓದುತ್ತಾರೆ ಅಂದುಕೊಂಡು. ನಿಮ್ಮ ಜಾಹೀರಾತಿನಲ್ಲಿ ಇಷ್ಟು ಲಕ್ಷ ಗ್ರಾಹಕರು ಅಂತ ಹಾಕಿಕೊಳ್ಳುತ್ತೀರಿ. ಅದರಲ್ಲಿ ಸ್ವಂತ ತಂತಿಯ ಮೇಲಿನವರು ಎಷ್ಟು, ಗೇಣಿಯ ಮೇಲಿನವರು ಎಷ್ಟು ಅಂತ ಎರಡು ಕಾಲಂ ಮಾಡಿ ನೋಡಿ. ಒಬ್ಬನೇ ದಲ್ಲಾಳಿಯನ್ನು ನಂಬಿ ಇಡೀ ವರ್ಷದ ಚಾಲಿ ಅಡಿಕೆ ಕಟ್ಟಿಟ್ಟ ವ್ಯಾಪಾರಿಗೆ ನಾನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ ಕೊಡುತ್ತೇನೆ. ನಿಮ್ಮ ಲೆಕ್ಕದವರು ಆ ಗುರುತು ಹಾಕಿದ್ದಾರೆಯೇ?

ಇನ್ನೊಂದು ಸಣ್ಣ ವಿಷಯ ಉಳಿದಿದೆ. ಹಳೆಯ ಬಿಳಿ ಪೆಟ್ಟಿಗೆ ನನ್ನ ಕಪಾಟಿನ ಮೇಲಿದೆ. ಅದನ್ನು ಹಿಂದಿರುಗಿಸದಿದ್ದರೆ ಠೇವಣಿ ಮುಟ್ಟುಗೋಲು ಅಂತ ಕಂಪನಿಯಿಂದ ಮೂರು ಎಸ್‌ಎಂಎಸ್ ಬಂದಿವೆ. ‘ನಿಮ್ಮ ಹತ್ತಿರದ ಅಧಿಕೃತ ಪಾಲುದಾರರ ಬಳಿ ಒಪ್ಪಿಸಿ’ ಅಂತ ಬರೆದಿದೆ, ಕೆಳಗೆ ವಿಳಾಸ ಕೊಟ್ಟಿದೆ. ವಿಳಾಸ ಅದೇ ಅಂಗಡಿಯದ್ದು. ಒಯ್ದು ಕೊಟ್ಟೆ. ಅವನು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ರಸೀದಿ ಕೊಡಲು ನನಗೀಗ ಅಧಿಕಾರ ಇಲ್ಲ ಅಕ್ಕಾ ಅಂತ ವಾಪಸು ಕೊಟ್ಟ. ಇದನ್ನು ಯಾರಿಗೆ ಒಪ್ಪಿಸಬೇಕು ಅಂತ ತಮ್ಮ ಕಚೇರಿಯಿಂದ ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ,
ಶಿರಸಿ ತಾಲೂಕಿನ ಒಬ್ಬ ಬ್ರಾಡ್‌ಬ್ಯಾಂಡ್ ಗ್ರಾಹಕಿ